ಗಡಿ ದಾಟಿ ಬಂದ ಬಾಡಿಗೆದಾರರು ಮರಳಿ ಹೋಗುವುದೇಕೆ?

ಮಾನ್ಯ ಸಂಪಾದಕರೇ,

ಕರ್ನಾಟಕದ ಮಂಗಳೂರಿನಲ್ಲಿ ಉದ್ಯೋಗ, ರಾಜ್ಯದ ಗಡಿಯಾದ ತಲಪಾಡಿಯಿಂದ ಈಚೆಗೆ ವಾಸ ಎಂದು ಬದುಕು ಹೂಡಿದ ಯುವ ದಂಪತಿಗಳು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಹೊಸಂಗಡಿ, ಉಪ್ಪಳದ ಆಸುಪಾಸಿನಲ್ಲಿ ಈಗ ಅಪರೂಪವಲ್ಲ. ನಗರದ ಬಾಡಿಗೆಗೂ ಮುಂಗಡಕ್ಕೂ ಹೆದರಿ ಇಲ್ಲಿಗೆ ಬರುವ ಇವರಲ್ಲಿ ಅನೇಕರು, ಮೂರು ನಾಲ್ಕು ವರ್ಷ ಕಳೆಯುವಷ್ಟರಲ್ಲಿ, ಸಾಲ ಮಾಡಿಯಾದರೂ ಅದೇ ದುಬಾರಿ ನಗರಕ್ಕೆ ಹಿಂದಿರುಗುವುದನ್ನು ನೋಡುತ್ತಿದ್ದೇನೆ. ಅದು ಅವರವರ ಮನೆಯ ವಿಷಯವೆಂದು ಸುಮ್ಮನಿರಬಹುದಿತ್ತು. ಆದರೆ ನಮ್ಮ ಕನ್ನಡ ಶಾಲೆಗಳ ಒಂದನೇ ತರಗತಿಗೆ ಬರಬೇಕಾಗಿದ್ದ ಮಕ್ಕಳೂ ಅವರೊಂದಿಗೆ ಹೋಗುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಅಧ್ಯಾಪಕನಾಗಿದ್ದು ನಿವೃತ್ತನಾದವನು. ಈ ಭಾಗದ ಎಷ್ಟೋ ಮನೆಗಳಂತೆ ನಮ್ಮದರ ಮಾಳಿಗೆಯೂ ಗಲ್ಫಿನ ದುಡಿಮೆಯಿಂದ ಎದ್ದದ್ದು. ಕಟ್ಟಿಸಿದ ಮಗ ಅಲ್ಲಿಯೇ ಇರುವುದರಿಂದ ಖಾಲಿ ಬಿದ್ದಿತ್ತು. ಎರಡು ಕೋಣೆ ಮತ್ತು ಅಡುಗೆಮನೆಗೆ ತಿಂಗಳಿಗೆ 6,000 ರೂಪಾಯಿ ಎಂದಾಗ, ಮೊದಲು ಬಂದ ಬಾಡಿಗೆದಾರ ಯುವಕ, ಮಂಗಳೂರಿನಲ್ಲಿ ಇಷ್ಟೇ ಜಾಗಕ್ಕೆ 13,000 ರೂಪಾಯಿ ಬಾಡಿಗೆ ಹಾಗೂ ಒಂದು ಲಕ್ಷ ಮುಂಗಡ ಕೇಳಿದ್ದರೆಂದು ಹೇಳಿ, ಅಂದೇ ಸಂಜೆ ಸಾಮಾನು ತಂದಿಳಿಸಿದ. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಆತ ಬೈಕಿನಲ್ಲಿ ಮೊದಲೇ ಹೊರಡುತ್ತಿದ್ದ. ಆಕೆ ಏಳೂಕಾಲಕ್ಕೆ ಬುತ್ತಿಯ ಚೀಲ ಹಿಡಿದು ಮೆಟ್ಟಿಲಿಳಿದು, ತಲಪಾಡಿಯವರೆಗೆ ಒಂದು ಬಸ್ಸು, ಅಲ್ಲಿ ಇಳಿದು ಗಡಿಯನ್ನು ನಡೆದು ದಾಟಿ ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಸಿಟಿ ಬಸ್ಸು, ಹೀಗೆ ನಿತ್ಯ ಹೋಗಿ ಬರುತ್ತಿದ್ದಳು. ಮಳೆಗಾಲದಲ್ಲಿ ಆ ನಡಿಗೆ ಸುಲಭದ್ದಲ್ಲ. ಆದರೂ ದೂರದ ಬಗ್ಗೆ ಆಕೆ ದೂರಿದ್ದನ್ನು ನಾನು ಕೇಳಿಲ್ಲ.

ಅವರನ್ನು ದಣಿಸಿದ್ದು ಕಾಗದಪತ್ರಗಳು. ಬೈಕು ಮಂಗಳೂರಿನ ಕೆಎ 19 ನೋಂದಣಿಯದು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡ ವಾಹನಕ್ಕೆ ಅಲ್ಲಿಯ ನೋಂದಣಿ ಮಾಡಿಸಬೇಕೆಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ. ದಿನವೂ ಮಂಗಳೂರಿನಲ್ಲೇ ಓಡುವ ಬೈಕನ್ನು ಕಾಸರಗೋಡಿನ ಕೆಎಲ್ 14 ನೋಂದಣಿಗೆ ಬದಲಿಸಬೇಕೇ ಎಂಬ ಪ್ರಶ್ನೆಗೆ ಅವನಿಗೆ ಕೊನೆಯವರೆಗೂ ನೇರ ಉತ್ತರ ಸಿಗಲಿಲ್ಲ. ವಿಳಾಸದ ದಾಖಲೆಗೆಂದು ಒಂದು ಕಚೇರಿಗೆ ಹೋದಾಗ ಅರ್ಜಿ ನಮೂನೆ ಮಲಯಾಳದಲ್ಲಿ ಮಾತ್ರ ಇತ್ತು. ಅರ್ಧ ದಿನದ ರಜೆ ಹಾಕಿ ಹೋಗಿದ್ದ ಆಕೆ ಬರಿ ನಮೂನೆಯನ್ನು ಮಡಚಿ ತಂದು ನನ್ನ ಮುಂದಿಟ್ಟಳು. ಕನ್ನಡ ಮತ್ತು ತಮಿಳು ಭಾಷಿಕ ಅಲ್ಪಸಂಖ್ಯಾತರು ತಮ್ಮ ಪ್ರದೇಶಗಳಲ್ಲಿ ತಮ್ಮ ಭಾಷೆಯಲ್ಲೇ ಸರಕಾರದೊಂದಿಗೆ ವ್ಯವಹರಿಸಲು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಅವಕಾಶ ಕೊಟ್ಟಿದೆ. ಕಾಯಿದೆಯಲ್ಲಿರುವ ಹಕ್ಕು ಕೌಂಟರಿನಲ್ಲಿ ಸಿಗದಿದ್ದರೆ, ಇಲ್ಲೇ ಹುಟ್ಟಿದ ನಾವು ಹೇಗೋ ಸುಧಾರಿಸಿಕೊಳ್ಳುತ್ತೇವೆ. ಹೊಸದಾಗಿ ಬಂದವರು ಸುಧಾರಿಸಿಕೊಳ್ಳುವ ಬದಲು ಹೊರಡುವ ದಾರಿ ನೋಡುತ್ತಾರೆ.

ಇದರಲ್ಲಿ ನನ್ನ ತಪ್ಪೂ ಇದೆ. ಬಾಡಿಗೆ ಕರಾರುಪತ್ರ ಮಾಡಿದರೆ ತೆರಿಗೆಯ ತೊಂದರೆ ಬಂದೀತೆಂದು ಯಾರೋ ಹೇಳಿದ್ದನ್ನು ನಂಬಿ, ಮೊದಲ ಎರಡು ವರ್ಷ ನಾನು ಅವರಿಗೆ ಯಾವ ಬರಹವನ್ನೂ ಕೊಟ್ಟಿರಲಿಲ್ಲ. ಬ್ಯಾಂಕು, ಅಡುಗೆ ಅನಿಲ, ಪಡಿತರ ಚೀಟಿ ಎಲ್ಲಕ್ಕೂ ಅದೇ ಮೂಲ ದಾಖಲೆಯೆಂಬುದು ಅವರ ಅಲೆದಾಟ ಕಂಡ ಮೇಲೆ ತಿಳಿಯಿತು. ಈ ಊರಿನ ಹಲವು ಮನೆಯೊಡೆಯರು ಇಂದಿಗೂ ಹಾಗೆಯೇ ನಡೆದುಕೊಳ್ಳುತ್ತಿದ್ದಾರೆ.

ಮಗುವಿಗೆ ಶಾಲೆಯ ವಯಸ್ಸಾಗುವಾಗ ಎಲ್ಲ ಅಳುಕುಗಳೂ ಒಟ್ಟಿಗೆ ಎದ್ದು ಬರುತ್ತವೆ. ಇಲ್ಲಿ ಓದಿದರೆ ಮುಂದೆ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಕರ್ನಾಟಕದ ಸಿಇಟಿಗೆ ಬೇಕಾದ, ಆ ರಾಜ್ಯದಲ್ಲೇ ಏಳು ವರ್ಷಗಳ ವ್ಯಾಸಂಗದ ಲೆಕ್ಕ ತಪ್ಪುತ್ತದೆಯೆಂಬ ಭಯ ಒಂದು. ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ಕಲಮು ಇದೆ ನಿಜ. ಆದರೆ ಮಂಗಳೂರಿನಿಂದ ಬಂದು ನೆಲೆಸಿದವರ ಮಗುವಿಗೆ ಅದು ಅನ್ವಯವಾಗುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳುವವರಿಲ್ಲ. ಹತ್ತನೇ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದ ಕೇರಳದ 2017ರ ಕಾಯಿದೆ, ಕನ್ನಡ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ಮಕ್ಕಳೇ ಬೀದಿಗಿಳಿಯಬೇಕಾದ ಸುದ್ದಿಗಳು, ಇವೆಲ್ಲ ತಂದೆ ತಾಯಿಯ ನೆನಪಿನಲ್ಲಿರುತ್ತವೆ. ಕೋವಿಡ್ ಹಬ್ಬಿದ 2020ರ ಮಾರ್ಚಿನಲ್ಲಿ ಗಡಿರಸ್ತೆಗಳ ಮೇಲೆ ಮಣ್ಣು ಸುರಿದು ರೋಗಿಗಳನ್ನೂ ಆಚೆ ಬಿಡದಿದ್ದ ದಿನಗಳನ್ನು ಮರೆತವರು ಇಲ್ಲಿ ಯಾರೂ ಇಲ್ಲ.

ನಮ್ಮ ಮಾಳಿಗೆಯ ಆ ದಂಪತಿಯ ಮಗಳು, ಜಗಲಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತು, ಹಳೆಯ ಡೈರಿಯ ಖಾಲಿ ಹಾಳೆಗಳಲ್ಲಿ ‘ಅ’ದಿಂದ ‘ಳ’ದವರೆಗೂ ಬರೆಯಲು ಕಲಿತಿದ್ದಳು. ಶಾಲೆಗೆ ಸೇರಿಸುವ ವರ್ಷ ಮಾರ್ಚಿನಲ್ಲಿ ಅವರು ಮಂಗಳೂರಿಗೆ ಬಿಡಾರ ಬದಲಿಸಿದರು. ಆ ಜೂನಿನಲ್ಲಿ ನಮ್ಮೂರ ಶಾಲೆಯ ಒಂದನೇ ತರಗತಿಯಲ್ಲಿ ಇದ್ದದ್ದು ಒಂಬತ್ತು ಮಕ್ಕಳು. ಶಾಲೆ ತೆರೆದ ಆರನೆಯ ಕೆಲಸದ ದಿನ ನಡೆಯುವ ತಲೆಯೆಣಿಕೆಯ ಮೇಲೆ ಅಧ್ಯಾಪಕರ ಹುದ್ದೆಗಳು ನಿರ್ಧಾರವಾಗುತ್ತವೆಂಬುದು ಕೇರಳದ ಶಾಲೆಗಳಲ್ಲಿ ದುಡಿದವರಿಗೆಲ್ಲ ಗೊತ್ತು. ಆ ದಿನದ ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ಮಕ್ಕಳ ತಲೆ ಎಣಿಸುವ ಅಧ್ಯಾಪಕಿಗೆ ಒಂದೊಂದು ಮಗುವೂ ಎಷ್ಟು ದೊಡ್ಡದೆಂದು ನಾನು ವರ್ಷಗಟ್ಟಲೆ ಅನುಭವಿಸಿದ್ದೇನೆ.

ಹೋದವರನ್ನು ದೂರುವುದರಲ್ಲಿ ನ್ಯಾಯವಿಲ್ಲ. ಮನೆಯೊಡೆಯರು ಮುದ್ರಾಂಕ ಕಾಗದದಲ್ಲಿ ಕರಾರು ಬರೆದುಕೊಡಲಿ. ಶಾಲೆಗಳ ರಕ್ಷಕ ಶಿಕ್ಷಕ ಸಂಘದವರು ಮಾರ್ಚಿಗೆ ಮೊದಲೇ ಬಾಡಿಗೆ ಮನೆಗಳ ಮೆಟ್ಟಿಲು ಹತ್ತಿ ಮಾತನಾಡಲಿ. ಕಚೇರಿಗಳಲ್ಲಿ ಕನ್ನಡ ನಮೂನೆಗಳು ಕೈಗೆ ಸಿಗುವಂತಿರಲಿ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಸಿಇಟಿ ಅರ್ಹತೆಯ ಕಲಮುಗಳನ್ನು, ಹೀಗೆ ಬಂದು ನೆಲೆಸಿದವರ ಉದಾಹರಣೆ ಸಹಿತ ವಿವರಿಸುವ ಕಿರುಹೊತ್ತಗೆಯೊಂದನ್ನು ಹೊರತಂದು ಇಲ್ಲಿಯ ಪ್ರತಿಯೊಂದು ಕನ್ನಡ ಶಾಲೆಗೂ ತಲುಪಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಬರುವ ತಿಂಗಳು ನಮ್ಮ ಮಾಳಿಗೆಗೆ ಮೂರು ವರ್ಷದ ಮಗುವಿರುವ ಇನ್ನೊಂದು ಕುಟುಂಬ ಬರುತ್ತಿದೆ. ಕರಾರಿನ ಕಾಗದ ತಂದಿರಿಸಿದ್ದೇನೆ. ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೂ ತಿಳಿಸಿದ್ದೇನೆ.

ಇತಿ,
ನಿವೃತ್ತ ಅಧ್ಯಾಪಕ,
ಮಂಜೇಶ್ವರ