ರೂಟ್ ಕೆನಾಲ್ ಮತ್ತು ಕ್ಯಾಪ್: ಇನ್ನು ಮುಂದೆ ಒಂದೇ ಚೀಟಿಯಲ್ಲಿ

ನಮ್ಮ ಕ್ಲಿನಿಕ್‌ಗೆ ಬರುವ ಎಲ್ಲರಿಗೂ ನಮಸ್ಕಾರ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಬಸವನಗುಡಿ ಕ್ಲಿನಿಕ್‌ನಲ್ಲಿ ಒಂದು ಬದಲಾವಣೆ ಆಗುತ್ತಿದೆ. ದವಡೆ ಹಲ್ಲಿಗೆ ರೂಟ್ ಕೆನಾಲ್ (ಒಳಗಿನ ನರ ತೆಗೆದು ಬೇರನ್ನು ಶುಚಿ ಮಾಡುವ ಚಿಕಿತ್ಸೆ) ಬೇಕು ಅಂತಾದರೆ, ಅದರ ಖರ್ಚು ಮತ್ತು ಆಮೇಲೆ ಹಲ್ಲಿನ ಮೇಲೆ ಟೋಪಿಯ ಹಾಗೆ ಹಾಕುವ ಕ್ಯಾಪ್‌ನ ಖರ್ಚು ಎರಡನ್ನೂ ಮೊದಲ ದಿನವೇ ಒಂದೇ ಚೀಟಿಯಲ್ಲಿ, ಕನ್ನಡದಲ್ಲಿ ಬರೆದು ಕೊಡುತ್ತೇವೆ. ಕ್ಯಾಪ್‌ಗೆ ಅಳತೆ ತೆಗೆಯುವ ದಿನವನ್ನೂ ಆಗಲೇ ಗೊತ್ತು ಮಾಡುತ್ತೇವೆ. ಇಲ್ಲಿಯವರೆಗೆ ಇವೆರಡಕ್ಕೂ ಬೇರೆ ಬೇರೆ ಬಿಲ್ ಇತ್ತು. ಕೂಡಿಸಿ ಹೇಳಿದಾಗ ಮೊತ್ತ ದೊಡ್ಡದಾಗಿ ಕಾಣುತ್ತದೆ. ರೇಟು ಏರಿಸಿದ್ದಾರೆ ಅಂತ ಅನ್ನಿಸಬಹುದು. ಏರಿಸಿಲ್ಲ. ಹಳೆಯ ರೇಟೇ ಇದೆ, ಕೌಂಟರ್ ಪಕ್ಕದ ಬೋರ್ಡಿನಲ್ಲಿ ನೋಡಬಹುದು.

ಹೀಗೆ ಮಾಡಲು ಕಾರಣ ಇದೆ. ಹಲ್ಲುನೋವು ಬಂದಾಗ ಎಲ್ಲರೂ ಓಡಿ ಬರುತ್ತಾರೆ. ರೂಟ್ ಕೆನಾಲ್ ಆದ ಮೇಲೆ ನೋವು ಹೋಗುತ್ತದೆ, ಅದರ ಜೊತೆಗೆ ಅವಸರವೂ ಹೋಗುತ್ತದೆ. ಮನೆಯಲ್ಲಿ ಮಗಳ ಕಾಲೇಜು ಫೀಸು ಇರುತ್ತದೆ, ಮದುವೆ ಇರುತ್ತದೆ, 'ನೋವೇ ಇಲ್ಲವಲ್ಲ, ಕ್ಯಾಪ್ ಆಮೇಲೆ ನೋಡೋಣ' ಅಂತ ಮುಂದಕ್ಕೆ ಹಾಕುತ್ತಾರೆ. ಕಡಲೆಕಾಯಿ ಪರಿಷೆ ಮುಗಿದ ವಾರ ಒಬ್ಬ ಹಿರಿಯರು ಕರವಸ್ತ್ರದ ತುದಿಯಲ್ಲಿ ಹಲ್ಲಿನ ಚೂರು ಗಂಟು ಕಟ್ಟಿಕೊಂಡು ಬಂದಿದ್ದರು. ಹುರಿದ ಕಾಯಿ ತಿನ್ನುವಾಗ ಟಕ್ ಅಂತ ಶಬ್ದ ಬಂತಂತೆ, ನೋವೇನೂ ಆಗಲಿಲ್ಲವಂತೆ. ಅಂಟಿಸಲು ಆಗುತ್ತದಾ ಅಂತ ಕೇಳಿದರು. ಸೀಳು ವಸಡಿನ ಒಳಗೆ, ಬೇರಿನವರೆಗೂ ಇಳಿದಿತ್ತು. ರೂಟ್ ಕೆನಾಲ್ ಚೆನ್ನಾಗೇ ಇತ್ತು. ಆದರೂ ಹಲ್ಲನ್ನು ಕೀಳಲೇಬೇಕಾಯಿತು. ಇಂಥ ಹಲ್ಲು ಕೈಗೆ ಬಂದಾಗ ನಮಗೆ ನಿಜಕ್ಕೂ ಸಂಕಟ ಆಗುತ್ತದೆ, ಏಕೆಂದರೆ ಅದು ಉಳಿಯಬಹುದಾಗಿದ್ದ ಹಲ್ಲು.

ಅದು ಯಾಕೆ ಒಡೆಯುತ್ತದೆ? ರೂಟ್ ಕೆನಾಲ್ ಮಾಡಬೇಕಾದರೆ ಹಲ್ಲಿನ ನೆತ್ತಿಯಲ್ಲಿ ತೂತು ಕೊರೆದು ಒಳಗಿನ ನರವನ್ನು ತೆಗೆಯಬೇಕು. ಅಷ್ಟು ಹೊತ್ತಿಗೆ ಹುಳುಕು ಒಂದೆರಡು ಕಡೆಯ ಗೋಡೆಯನ್ನೂ ತಿಂದಿರುತ್ತದೆ. ಉಳಿದ ಗೋಡೆಗಳು ತೆಳ್ಳಗಾಗಿರುತ್ತವೆ. ನಡುವೆ ಸಿಮೆಂಟ್ ತುಂಬಿದರೂ, ಪ್ರತಿ ಸಲ ಅಗಿದಾಗ ಆ ಗೋಡೆಗಳು ಸ್ವಲ್ಪ ಸ್ವಲ್ಪವೇ ಹೊರಕ್ಕೆ ಬಾಗುತ್ತವೆ. ಕ್ಯಾಪ್ ಇದ್ದರೆ, ಎತ್ತಿನಗಾಡಿಯ ಚಕ್ರಕ್ಕೆ ಹೊಡೆದ ಕಬ್ಬಿಣದ ಪಟ್ಟಿಯ ಹಾಗೆ, ಸುತ್ತಲೂ ಹಿಡಿದು ನಿಲ್ಲಿಸುತ್ತದೆ. ಇನ್ನೊಂದು ಅಪಾಯವೂ ಇದೆ. ರೂಟ್ ಕೆನಾಲ್ ನಡುವೆ ಹಾಕುವ ತಾತ್ಕಾಲಿಕ ಸಿಮೆಂಟ್ ಕೆಲವು ವಾರಗಳ ಮಟ್ಟಿಗೆ ಮಾತ್ರ. ಅದು ಸವೆದರೆ ಜೊಲ್ಲು ಒಳಗೆ ಇಳಿದು, ಶುಚಿ ಮಾಡಿದ ಬೇರಿನಲ್ಲಿ ಮತ್ತೆ ಕೀವು ಶುರುವಾಗಬಹುದು. ನರ ಇಲ್ಲದ ಕಾರಣ ಜುಮ್ ಅನ್ನುವುದಿಲ್ಲ, ತಣ್ಣೀರು ಕುಡಿದರೂ ಗೊತ್ತಾಗುವುದಿಲ್ಲ.

ಹಾಗಂತ ಎಲ್ಲ ಹಲ್ಲಿಗೂ ಕ್ಯಾಪ್ ಬೇಕಾಗಿಲ್ಲ. ಇದನ್ನು ಒತ್ತಿ ಹೇಳುತ್ತೇವೆ. ಕ್ಯಾಪ್ ಹಾಕಬೇಕಾದರೆ ಹಲ್ಲನ್ನು ಸುತ್ತಲೂ ಸುಮಾರು 1ರಿಂದ 2 ಮಿ.ಮೀ. ಅರೆಯಬೇಕು. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಸಣ್ಣ ಹುಳುಕಾದರೆ ಫಿಲ್ಲಿಂಗ್ ಸಾಕು. ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಆಗಿ, ಹಲ್ಲು ಹೆಚ್ಚುಕಡಿಮೆ ಪೂರ್ತಿ ಉಳಿದಿದ್ದರೆ ಅಲ್ಲೂ ಫಿಲ್ಲಿಂಗ್ ಸಾಕಾಗುತ್ತದೆ, ಅಗಿಯುವ ಭಾರ ಬೀಳುವುದು ಹಿಂದಿನ ದವಡೆ ಹಲ್ಲಿನ ಮೇಲೆ ತಾನೆ. ಒಳ್ಳೆಯ ಹಲ್ಲನ್ನು ಅಂದಕ್ಕೋಸ್ಕರ ಅರೆಯಿರಿ ಅಂತ ಕೇಳಿದರೆ ನಾವು ಸುಲಭಕ್ಕೆ ಒಪ್ಪುವುದಿಲ್ಲ. ಇನ್ನು ಹಲ್ಲು ಪೂರ್ತಿ ಮುರಿದು ವಸಡಿನ ಮಟ್ಟಕ್ಕೆ ಇಳಿದಿದ್ದರೆ, ಕ್ಯಾಪ್‌ಗೆ ಹಿಡಿತವೇ ಸಿಗುವುದಿಲ್ಲ. ವಸಡಿನ ಮೇಲೆ ಸುತ್ತಲೂ ಒಂದೂವರೆ, ಎರಡು ಮಿ.ಮೀ. ಗಟ್ಟಿ ಹಲ್ಲು ಇರಬೇಕು. ಅಷ್ಟು ಇದೆಯೋ ಇಲ್ಲವೋ ಅನ್ನುವುದನ್ನು ರೂಟ್ ಕೆನಾಲ್ ಶುರು ಮಾಡುವ ಮೊದಲೇ ನೋಡಿ, ಎಕ್ಸ್‌ರೇ ನಿಮ್ಮ ಮುಂದೆ ಇಟ್ಟು ತೋರಿಸುತ್ತೇವೆ. ಕ್ಯಾಪ್ ನಿಲ್ಲದ ಹಲ್ಲಿಗೆ ರೂಟ್ ಕೆನಾಲ್ ದುಡ್ಡು ಸುಮ್ನೆ ಖರ್ಚು.

ಇದರ ಜೊತೆ ಇನ್ನೊಂದು ಚಿಕ್ಕ ಬದಲಾವಣೆ. ದವಡೆ ಹಲ್ಲಿಗೆ ಒಳಗೆ ಲೋಹ, ಮೇಲೆ ಪಿಂಗಾಣಿ ಇರುವ ಕ್ಯಾಪ್ ಹಾಕುವುದನ್ನು ನಿಲ್ಲಿಸುತ್ತಿದ್ದೇವೆ. ಅದು ಕೆಟ್ಟದ್ದೇನಲ್ಲ, ಎಷ್ಟೋ ವರ್ಷ ಚೆನ್ನಾಗಿ ಬಾಳಿದೆ. ಈಗಾಗಲೇ ಹಾಕಿಸಿಕೊಂಡವರು ತೆಗೆಸಬೇಕಾದ ಅಗತ್ಯವೂ ಇಲ್ಲ. ಆದರೆ ಗಟ್ಟಿ ಪದಾರ್ಥ ಜಾಸ್ತಿ ತಿನ್ನುವವರಲ್ಲಿ ಮೇಲಿನ ಪಿಂಗಾಣಿ ಚಕ್ಕೆ ಏಳುವುದುಂಟು, ವಸಡು ಇಳಿದರೆ ಅಂಚಿನಲ್ಲಿ ಕಪ್ಪು ಗೆರೆ ಕಾಣುವುದುಂಟು. ಇನ್ನು ಮುಂದೆ ದವಡೆಗೆ ಎರಡೇ ಆಯ್ಕೆ: ಪೂರ್ತಿ ಲೋಹದ್ದು ಅಥವಾ ಜಿರ್ಕೋನಿಯಾ ಅನ್ನುವ ಗಟ್ಟಿ ಸೆರಾಮಿಕ್‌ನದ್ದು.

ಲೋಹದ ಕ್ಯಾಪ್ ಅಂದರೆ ಅನೇಕರು ಮುಖ ಸಿಂಡರಿಸುತ್ತಾರೆ. ಬಣ್ಣ ಒಂದನ್ನು ಬಿಟ್ಟರೆ ಅದರಲ್ಲಿ ದೋಷ ಹುಡುಕುವುದು ಕಷ್ಟ. ಹಲ್ಲನ್ನು ಕಡಿಮೆ ಅರೆದರೆ ಸಾಕು, ಚಕ್ಕೆ ಏಳುವುದಿಲ್ಲ, ಬೆಲೆಯೂ ಕಡಿಮೆ. ನಕ್ಕರೂ ಕಾಣದ ಕಟ್ಟಕಡೆಯ ದವಡೆ ಹಲ್ಲಿಗೆ ನಮ್ಮ ಮನೆಯವರಾಗಿದ್ದರೂ ಅದನ್ನೇ ಹೇಳುತ್ತಿದ್ದೆವು. ಒಂದು ಎಚ್ಚರಿಕೆ: ಆರ್ಟಿಫಿಶಿಯಲ್ ಓಲೆ ಹಾಕಿದರೆ ಕಿವಿ ತುರಿಸುವವರು ನಮಗೆ ಮೊದಲೇ ಹೇಳಿ. ನಿಕ್ಕಲ್ ಅಲರ್ಜಿ ಇರಬಹುದು. ಅಂಥವರಿಗೆ ನಿಕ್ಕಲ್ ಇರುವ ಲೋಹ ಹಾಕುವುದಿಲ್ಲ.

ಜಿರ್ಕೋನಿಯಾ ಹಲ್ಲಿನ ಬಣ್ಣದ್ದು, ತುಂಬಾ ಗಟ್ಟಿ. ಕಂಪ್ಯೂಟರ್‌ನಲ್ಲಿ ನಿಮ್ಮ ಹಲ್ಲಿನ ಆಕಾರ ಬಿಡಿಸಿ, ಸೀಮೆಸುಣ್ಣದಷ್ಟು ಮೆದುವಾದ ಬಿಲ್ಲೆಯಿಂದ ಮೆಶಿನ್ ಅದನ್ನು ಕೊರೆಯುತ್ತದೆ. ಕೊರೆಯುವಾಗ ಬೇಕಾದ ಅಳತೆಗಿಂತ ಶೇ. 20–25ರಷ್ಟು ದೊಡ್ಡದಾಗಿಯೇ ಇರುತ್ತದೆ. ಆಮೇಲೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಯಲ್ಲಿ ಸುಟ್ಟಾಗ ಕುಗ್ಗಿ, ಗಟ್ಟಿಯಾಗಿ, ಸರಿಯಾದ ಅಳತೆಗೆ ಬರುತ್ತದೆ. ಕ್ಯಾಪ್ ಮಾಡಿಕೊಡುವ ಲ್ಯಾಬ್‌ನವರು ಒಂದು ವಾರ ಕೇಳುವುದು ಇದಕ್ಕೇ. ಬೇಗ ಬೇಗ ಅಂತ ನಾವೂ ಅವರನ್ನು ಅವಸರ ಮಾಡುವುದಿಲ್ಲ.

ಆ ವಾರ ನಿಮ್ಮ ಹಲ್ಲಿನ ಮೇಲೆ ತಾತ್ಕಾಲಿಕ ಪ್ಲಾಸ್ಟಿಕ್ ಕ್ಯಾಪ್ ಇರುತ್ತದೆ. ಬಾಯಲ್ಲಿ ಲವಂಗದ ಎಣ್ಣೆಯ ವಾಸನೆ ಬಂದರೆ ಗಾಬರಿ ಬೇಡ, ಕೆಲವು ತಾತ್ಕಾಲಿಕ ಸಿಮೆಂಟಿನಲ್ಲಿ ಅದೇ ಇರುತ್ತದೆ. ಚಿಕ್ಕಿ, ಕೊಬ್ಬರಿ ಮಿಠಾಯಿ, ಅಂಟುವ ಯಾವುದನ್ನೂ ಆ ಕಡೆ ಅಗಿಯಬೇಡಿ. ಕ್ಯಾಪ್ ಬಿದ್ದುಹೋದರೆ ಅದನ್ನು ಹಿಡಿದುಕೊಂಡು ಬನ್ನಿ. ಮನೆಯಲ್ಲಿ ಫೆವಿಕ್ವಿಕ್ ಹಾಕಿ ಅಂಟಿಸುವುದು ಖಂಡಿತ ಬೇಡ.

ಕೊನೆಯ ದಿನ ಕ್ಯಾಪ್ ಕೂರಿಸುವಾಗ ನೀಲಿ ಕಾಗದದ ಪಟ್ಟಿ ಹಲ್ಲಿನ ನಡುವೆ ಇಟ್ಟು ಕಚ್ಚಿಸುತ್ತೇವೆ. 'ಟಕ್ ಟಕ್ ಕಚ್ಚಿ, ಈಗ ಆ ಕಡೆ ಈ ಕಡೆ ಅರೆಯಿರಿ' ಅಂತ ಹತ್ತಾರು ಸಲ ಹೇಳುತ್ತೇವೆ. ಬೇಜಾರು ಮಾಡಿಕೊಳ್ಳಬೇಡಿ. ಕ್ಯಾಪ್ ಕೂದಲೆಳೆಯಷ್ಟು ಎತ್ತರ ಇದ್ದರೂ ಹಲ್ಲು ನೋಯುತ್ತದೆ. ನೀಲಿ ಗುರುತು ದಪ್ಪಗೆ ಬಿದ್ದ ಕಡೆ ಉಜ್ಜಿ ಸರಿ ಮಾಡಬೇಕು. ಮನೆಗೆ ಹೋಗಿ ಊಟ ಮಾಡುವಾಗ ಆ ಹಲ್ಲೇ ಮೊದಲು ತಾಗುತ್ತಿದೆ ಅನ್ನಿಸಿದರೆ, 'ಅಭ್ಯಾಸ ಆಗುತ್ತೆ' ಅಂತ ಸಹಿಸಿಕೊಳ್ಳದೆ ಮರುದಿನವೇ ಬನ್ನಿ. ಅದಕ್ಕೆ ಫೀಸಿಲ್ಲ.

ಕ್ಯಾಪ್‌ಗೆ ಹುಳುಕು ಹಿಡಿಯುವುದಿಲ್ಲ, ನಿಜ. ಅದರ ಅಂಚಿನ ಕೆಳಗಿರುವ ನಿಮ್ಮ ಹಲ್ಲಿಗೆ ಹಿಡಿಯುತ್ತದೆ. ಸಾಮಾನ್ಯವಾಗಿ 10–15 ವರ್ಷ ಬಾಳುವ ಕ್ಯಾಪ್ ಬೇಗ ಹಾಳಾಗಲು ಇದೇ ದೊಡ್ಡ ಕಾರಣ. ವಸಡಿನ ಅಂಚಿನಲ್ಲಿ ಮೆತ್ತಗಿನ ಬ್ರಶ್ ಆಡಿಸಿ, ರಾತ್ರಿ ಮಲಗುವ ಮುಂಚೆಯೂ ಉಜ್ಜಿ. ಗೋಟು ಅಡಿಕೆ ಕಡಿಯುವುದನ್ನು ಬಿಡಿ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ ಅಂತ ಮನೆಯವರು ಹೇಳಿದ್ದರೆ ನಮಗೆ ತಿಳಿಸಿ.

ದುಡ್ಡಿನ ವಿಷಯ. ಒಟ್ಟು ಮೊತ್ತವನ್ನು ಒಂದೇ ಸಲ ಕಟ್ಟಬೇಕಿಲ್ಲ. ರೂಟ್ ಕೆನಾಲ್ ಶುರುವಾದಾಗ, ಅಳತೆ ತೆಗೆದಾಗ, ಕ್ಯಾಪ್ ಕೂರಿಸಿದಾಗ, ಹೀಗೆ ಮೂರು ಕಂತಿನಲ್ಲಿ ಕೊಡಬಹುದು. ಬಡ್ಡಿ ಇಲ್ಲ. ಅದೂ ಕಷ್ಟ ಅನ್ನುವವರು ಸಂಕೋಚ ಬಿಟ್ಟು ಹೇಳಿ. ವಿಕ್ಟೋರಿಯಾ ಆಸ್ಪತ್ರೆ ಪಕ್ಕ, ಕೋಟೆಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ವಿ.ವಿ. ಪುರದಲ್ಲೂ ಜೆ.ಪಿ. ನಗರದಲ್ಲೂ ದಂತ ಕಾಲೇಜುಗಳಿವೆ. ಅಲ್ಲಿ ಕಲಿಯುವ ವೈದ್ಯರು ಹಿರಿಯರ ಉಸ್ತುವಾರಿಯಲ್ಲಿ ಇದೇ ಕೆಲಸವನ್ನು ಮಾಡುತ್ತಾರೆ, ಖರ್ಚು ಕಡಿಮೆ. ಸ್ವಲ್ಪ ಜಾಸ್ತಿ ಸಲ ಓಡಾಡಬೇಕಾಗಬಹುದು ಅಷ್ಟೇ. ಎಕ್ಸ್‌ರೇ ಮತ್ತು ಚೀಟಿ ಬರೆದುಕೊಟ್ಟು ನಾವೇ ಕಳಿಸುತ್ತೇವೆ. ಕ್ಯಾಪ್ ಇಲ್ಲದೆ ಬಿಡುವುದಕ್ಕಿಂತ ಅದು ಎಷ್ಟೋ ಮೇಲು.

ಮಕ್ಕಳ ಹಾಲುಹಲ್ಲಿಗೆ ಹಾಕುವ ಸ್ಟೀಲ್ ಕ್ಯಾಪ್‌ನ ಕ್ರಮ ಮೊದಲಿನ ಹಾಗೇ ಇರುತ್ತದೆ.

ನಮ್ಮಲ್ಲೇ ಆಗಲಿ ಬೇರೆ ಕಡೆಯೇ ಆಗಲಿ, ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸದೆ ಬಿಟ್ಟವರು ಈ ತಿಂಗಳೊಳಗೆ ಒಮ್ಮೆ ಬನ್ನಿ. ಹಳೆಯ ಎಕ್ಸ್‌ರೇ ಇದ್ದರೆ ತನ್ನಿ, ಇಲ್ಲದಿದ್ದರೂ ಪರವಾಗಿಲ್ಲ. ನೋಡಿ ಹೇಳುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಅಲ್ಲಿಯವರೆಗೆ ಚಕ್ಕುಲಿ, ಕೋಡುಬಳೆ, ಕಬ್ಬು ಇವನ್ನೆಲ್ಲ ಇನ್ನೊಂದು ಕಡೆ ಅಗಿಯಿರಿ.

ಇಂತಿ,
ನಿಮ್ಮ ಹಲ್ಲಿನ ಕ್ಲಿನಿಕ್‌ನ ವೈದ್ಯರು ಮತ್ತು ಸಿಬ್ಬಂದಿ
ಬಸವನಗುಡಿ, ಬೆಂಗಳೂರು