ದೇಮನ ಪಕ್ಕದಲ್ಲೇ ಲೂಕನಿದ್ದ

ಬಳ್ಳಾರಿ

ಕರ್ತನಲ್ಲಿ ಪ್ರಿಯನಾದ ತಮ್ಮನಿಗೆ ಅಕ್ಕನ ವಂದನೆಗಳು.

ನಿನ್ನ ಲೇಖನ, ಕವಿತೆಗಳು, ಜೊತೆಗಿದ್ದ ಪತ್ರ ಎಲ್ಲವನ್ನೂ ಓದಿದೆ. ಗಂಗಾವತಿ ಕಡೆಯ ಗದ್ದೆಬಯಲಿನ ಕವಿತೆ ನನಗೆ ಬಹಳ ಹಿಡಿಸಿತು. ಬಾಗಿ ನಾಟಿ ಮಾಡುವ ಹೆಂಗಸರನ್ನು ಬದುವಿನ ಮೇಲೆ ನಿಂತು ನೋಡಿದವನು ಹಾಗೆ ಬರೆಯಲಾರ, ಕೆಸರಿಗೆ ಇಳಿದವನೇ ಬರೆಯಬೇಕು. ಪತ್ರದಲ್ಲಿ ನೀನು ಕೇಳಿರುವುದು ದೊಡ್ಡ ಪ್ರಶ್ನೆ: ಲೋಕದ ಇಷ್ಟೆಲ್ಲ ಸೆಳೆತಗಳ ನಡುವೆ ವಿಶ್ವಾಸ ಉಳಿಸಿಕೊಂಡು ಬರಹಗಾರನಾಗುವುದು ಹೇಗೆ? ಸೆಳೆತಗಳ ಪಟ್ಟಿಯನ್ನೂ ಕೊಟ್ಟಿದ್ದೀ. ಸಿನಿಮಾ, ಮೊಬೈಲು, ಗೆಳೆಯರ ಸಂಗಡ ರಾತ್ರಿ ತಿರುಗಾಟ, ಕಾದಂಬರಿ ಓದುವ ಹುಚ್ಚು.

ಕಾದಂಬರಿಯನ್ನು ಆ ಪಟ್ಟಿಯಿಂದ ಈಗಲೇ ತೆಗೆದುಬಿಡು. ಉಳಿದವುಗಳ ಬಗ್ಗೆ ನಿಮ್ಮ ಚರ್ಚಿನ ಅಯ್ಯನವರು, ನಿನ್ನ ತಾಯಿ ನನಗಿಂತ ಚೆನ್ನಾಗಿ ಹೇಳಿಯಾರು. ನಾನು ಹೇಳಬೇಕಾದ ಸೆಳೆತ ನಿನ್ನ ಪಟ್ಟಿಯಲ್ಲೇ ಇಲ್ಲ. ಬರೆಯುವವರನ್ನು ಲೋಕ ಮೊದಲು ಹಿಡಿಯುವುದು ಚಪ್ಪಾಳೆಯಿಂದ. ಆ ಚಪ್ಪಾಳೆ ಚರ್ಚಿನ ಸಭೆಯ ಒಳಗಿನಿಂದಲೇ ಬಂದರಂತೂ ಅದು ಲೋಕದ್ದು ಅಂತ ಗುರುತೇ ಸಿಗುವುದಿಲ್ಲ.

ನಿನ್ನ ಲೇಖನವನ್ನೇ ತಗೋ. ತುಂಗಭದ್ರಾ ಡ್ಯಾಮಿನ ಗೇಟು ಕೊಚ್ಚಿಹೋದ ರಾತ್ರಿ ನಿಮ್ಮ ಯೌವನಸ್ಥರ ಕೂಟ ಮೊಣಕಾಲೂರಿ ಪ್ರಾರ್ಥಿಸಿತು, ಬೆಳಗಾಗುವಷ್ಟರಲ್ಲಿ ನೀರು ನಿಂತಿತು ಎಂದು ಬರೆದಿದ್ದೀ. ಕೂಟದಲ್ಲಿ ಓದಿದಾಗ ಎಲ್ಲರೂ 'ಆಮೆನ್' ಅಂದರೆಂದೂ ತಿಳಿಸಿದ್ದೀ. ತಮ್ಮಾ, ನೀರು ಬೆಳಗಿಗೆ ನಿಲ್ಲಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟು ಹೋಯಿತು. ಡ್ಯಾಮಿಗಿರುವುದು ಒಟ್ಟು 33 ಗೇಟು. ಒಂದೇ ಕಡೆ ಒತ್ತಡ ಬೀಳದಿರಲಿ ಎಂದು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಯಿತು. ರೈತರು ಎರಡನೇ ಬೆಳೆಗೆ ನಂಬಿಕೊಂಡಿದ್ದ ನೀರು ದಿನಗಟ್ಟಲೆ ಹೊಳೆಪಾಲಾಯಿತು. ಕನ್ನಯ್ಯ ನಾಯ್ಡು ಅವರಂಥ ಅನುಭವಿ ಗೇಟು ತಜ್ಞರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು (ನೀರು ತಡೆಯುವ ಅಡ್ಡಹಲಗೆಗಳನ್ನು) ಒಂದರ ಮೇಲೊಂದು ಇಳಿಸಿ ಕಿಂಡಿ ಮುಚ್ಚುವಷ್ಟರಲ್ಲಿ ಸುಮಾರು ಒಂದು ವಾರ ಹಿಡಿಯಿತು. ಬೆಸುಗೆ ಹಾಕಿದವರು, ಕ್ರೇನ್ ನಡೆಸಿದವರು, ಕೆಳಗೆ ಭೋರ್ಗರೆವ ನೀರಿನ ಮೇಲೆ ನಿಂತು ಹಗ್ಗ ಹಿಡಿದವರು, ಇವರಲ್ಲಿ ಒಬ್ಬರೂ ನಿನ್ನ ಲೇಖನದಲ್ಲಿಲ್ಲ.

ನಿಮ್ಮ ಪ್ರಾರ್ಥನೆಯನ್ನು ನಾನು ಕಡಿಮೆ ಮಾಡಿ ಮಾತಾಡುತ್ತಿಲ್ಲ. ಆ ವಾರ ನಮ್ಮ ಸಭೆಯಲ್ಲೂ ಪ್ರಾರ್ಥಿಸಿದೆವು, ಎಡದಂಡೆ ಬಲದಂಡೆ ಎರಡೂ ಕಡೆಯ ರೈತರನ್ನು ನೆನೆದು ಅತ್ತವರಿದ್ದರು. ಆ ಕೆಲಸಗಾರರ ಕೈಗೆ ಬಲ ಕೊಟ್ಟವನು ದೇವರೇ ಎಂದು ಬರೆ. ನಾನೂ ನಂಬುತ್ತೇನೆ. ಆದರೆ ಒಂದು ವಾರವನ್ನು ಒಂದು ರಾತ್ರಿ ಮಾಡಲು ದೇವರು ನಿನ್ನನ್ನು ಕೇಳಿಕೊಳ್ಳಲಿಲ್ಲ. ಬೈಬಲಿನಲ್ಲಿ ಯೋಬನ ಪುಸ್ತಕದ 13ನೇ ಅಧ್ಯಾಯ ತೆಗೆದು ನೋಡು. ದೇವರ ಪರವಾಗಿ ವಾದಿಸುತ್ತಿದ್ದೇವೆ ಎಂದುಕೊಂಡಿದ್ದ ಗೆಳೆಯರಿಗೆ ಯೋಬ ಕೇಳುತ್ತಾನೆ, ದೇವರಿಗೋಸ್ಕರ ನೀವು ಸುಳ್ಳಾಡುತ್ತೀರಾ ಎಂದು. ಬರೆಯಲು ಕೂತ ಪ್ರತಿಯೊಬ್ಬ ಕ್ರೈಸ್ತನಿಗೂ ಕೇಳಬೇಕಾದ ಪ್ರಶ್ನೆ ಅದು. ದೇವರು ತಮಗೆ ಮಾಡಿದ್ದನ್ನು ಕೂಟದಲ್ಲಿ ಸಾಕ್ಷಿ ಹೇಳುವಾಗ ಹಳೆಯ ಪಾಪಗಳನ್ನು ಇದ್ದದ್ದಕ್ಕಿಂತ ಕಪ್ಪಾಗಿ ಬಳಿಯುವವರನ್ನು, ವಾಸಿಯಾದ ಜ್ವರವನ್ನು ಕ್ಯಾನ್ಸರ್ ಮಾಡಿ ಹೇಳುವವರನ್ನು ನೀನೂ ಕಂಡಿದ್ದೀ. ಕೇಳಿದವರು ಕಣ್ಣೀರು ಹಾಕುತ್ತಾರೆ, ಹಣವೂ ಬರುತ್ತದೆ. ಸತ್ಯ ಮಾತ್ರ ಬಾಗಿಲ ಹೊರಗೆ ನಿಂತಿರುತ್ತದೆ. ಪಕ್ಕದ ಮನೆಯ ಲಿಂಗಾಯತ ಅಜ್ಜ ಡ್ಯಾಮಿನ ಸುದ್ದಿಯನ್ನು ದಿನಾ ಪೇಪರಿನಲ್ಲಿ ಓದಿದವನು. ನಿನ್ನ ಲೇಖನ ಅವನ ಕೈಗೆ ಸಿಕ್ಕರೆ ನಿನ್ನೊಬ್ಬನನ್ನೇ ಅಲ್ಲ, ನೀನು ಸಾರುವ ಸುವಾರ್ತೆಯನ್ನೂ ನಂಬುವುದು ಬಿಡುತ್ತಾನೆ. ನನಗೆ ಸಂಕಟ ಆಗುವುದು ಅಲ್ಲಿ.

ಬೈಬಲಿನಲ್ಲಿರುವ ಅಪೊಸ್ತಲ ಪೌಲನ ಪತ್ರಗಳಲ್ಲಿ ಇಬ್ಬರ ಹೆಸರು ಜೊತೆಜೊತೆಗೆ ಬರುತ್ತದೆ, ಗಮನಿಸಿದ್ದೀಯಾ? ಫಿಲೆಮೋನನಿಗೆ ಬರೆದ ಪತ್ರದ ಕೊನೆಯಲ್ಲಿ ಜೊತೆ ಕೆಲಸಗಾರರ ಹೆಸರು ಹೇಳುವಾಗ ದೇಮ, ಲೂಕ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಕೊಲೊಸ್ಸೆಯವರಿಗೆ ಬರೆದದ್ದರಲ್ಲೂ ಇಬ್ಬರೂ ಒಂದೇ ವಚನದಲ್ಲಿದ್ದಾರೆ. ಮುಂದೆ ತಿಮೊಥೆಗೆ ಬರೆದ ಎರಡನೇ ಪತ್ರದಲ್ಲಿ, ಸೆರೆಯಲ್ಲಿದ್ದ ಪೌಲ ಹೇಳುತ್ತಾನೆ: ದೇಮ ಇಹಲೋಕವನ್ನು ಪ್ರೀತಿಸಿ ನನ್ನನ್ನು ಬಿಟ್ಟು ಥೆಸಲೊನೀಕಕ್ಕೆ ಹೋದ, ಲೂಕನೊಬ್ಬನೇ ನನ್ನ ಜೊತೆ ಇದ್ದಾನೆ. ದೇಮ ಕುಡಿದನೋ, ಕದ್ದನೋ, ವಿಗ್ರಹಕ್ಕೆ ಕೈಮುಗಿದನೋ, ಅಂಥದ್ದು ಏನೂ ಅಲ್ಲಿ ಬರೆದಿಲ್ಲ. ಹೊರಟುಹೋದ, ಅಷ್ಟೇ. ನಿನ್ನ ವಯಸ್ಸಿನವರಿಗೆ ಈ ವಚನ ನಾನು ಮತ್ತೆ ಮತ್ತೆ ಓದಿಸುವುದು ಅದಕ್ಕೇ. ಲೋಕ ಅಂದರೆ ಕೆಟ್ಟ ಜಾಗವೇ ಆಗಿರಬೇಕಿಲ್ಲ, ಕಷ್ಟದಲ್ಲಿರುವವನ ಪಕ್ಕದಿಂದ ಎದ್ದು ಅನುಕೂಲದ ಕಡೆ ನಡೆದರೂ ಅದು ಲೋಕವೇ.

ಉಳಿದುಕೊಂಡ ಲೂಕ ಬರಹಗಾರ. ಅವನ ಸುವಾರ್ತೆಯ ಮೊದಲ ನಾಲ್ಕು ವಚನ ಬಾಯಿಪಾಠ ಮಾಡು. ಕಣ್ಣಾರೆ ಕಂಡವರಿಂದ ಬಂದ ಸಂಗತಿಗಳನ್ನು ಮೊದಲಿನಿಂದ ಚೆನ್ನಾಗಿ ವಿಚಾರಿಸಿ ಕ್ರಮವಾಗಿ ಬರೆಯುತ್ತೇನೆ ಎನ್ನುತ್ತಾನೆ, ತಾನು ಯಾರಿಗಾಗಿ ಬರೆದನೋ ಆ ಥೆಯೊಫಿಲನಿಗೆ. ಪವಿತ್ರಾತ್ಮನ ಪ್ರೇರಣೆಯಿಂದ ಬರೆದವನೇ ಹೀಗೆ ಕೇಳಿ ವಿಚಾರಿಸಿದ ಮೇಲೆ, ನಾವು ಮುನಿರಾಬಾದಿಗೆ ಒಂದು ಬಸ್ಸು ಹತ್ತದೆ ಡ್ಯಾಮಿನ ಬಗ್ಗೆ ಬರೆಯಬಹುದೇ? ತಿಮೊಥೆಗೆ ಬರೆದ ಅದೇ ಪತ್ರದಲ್ಲಿ ಪೌಲ ತನ್ನ ಹೊದಿಕೆಯನ್ನೂ ಪುಸ್ತಕಗಳನ್ನೂ ತರಿಸಿಕೊಳ್ಳುತ್ತಾನೆ. ಸಾವು ಹತ್ತಿರ ಬಂದಾಗಲೂ ಪುಸ್ತಕ ಬೇಕೆಂದವನ ಮಕ್ಕಳು ನಾವು, ಓದುವುದಕ್ಕೆ ಹೆದರಬೇಡ.

ನಮ್ಮ ಬಳ್ಳಾರಿಯ ನೆಲದಲ್ಲೂ ಇದಕ್ಕೆ ಹಿರಿಯರಿದ್ದಾರೆ. ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದರು. ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತಂದು, ತಿದ್ದಿ, ಮತ್ತೆ ತಿದ್ದಿ, ಇಡೀ ಗ್ರಂಥ ಅಚ್ಚಾಗುವ ಹೊತ್ತಿಗೆ 1830ರ ದಶಕ ಬಂದಿತ್ತು. ಅವರ ಜೊತೆಗಾರ ವಿಲಿಯಂ ರೀವ್ ಕನ್ನಡ ಮಾತುಗಳನ್ನು ಒಂದೊಂದಾಗಿ ಕೂಡಿಸಿ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು. ಈ ಬಿಸಿಲಿನಲ್ಲಿ, ಫ್ಯಾನಿಲ್ಲದ ಕಾಲದಲ್ಲಿ, ಅಷ್ಟು ವರ್ಷ. ಧಾರವಾಡ ಸೀಮೆಯ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸಭಾಪಾಲಕರಾಗಿದ್ದುಕೊಂಡೇ ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಸರ್ವಜ್ಞನನ್ನು ಓದಿದ್ದರಿಂದ ಅವರ ಕ್ರಿಸ್ತನೇನೂ ಸಣ್ಣವನಾಗಲಿಲ್ಲ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ನೀನು ಕಾದಂಬರಿಯನ್ನು ಪಾಪದ ಪಟ್ಟಿಗೆ ಸೇರಿಸಿದ್ದನ್ನು ಓದಿದಾಗ ನನಗೆ ಮೊದಲು ನೆನಪಾದವರು ಇವರೇ.

ಹಾಗಾದರೆ ಏನು ಬರೆಯಬೇಕು ಅಂತೀಯಾ? ನಮ್ಮ ಕೌಲ್ ಬಜಾರಿನ ಕಡೆ ಮನೆಮನೆಯಲ್ಲಿ ಜೀನ್ಸ್ ಕೆಲಸ ನಡೆಯುತ್ತದೆ, ನಿನಗೆ ಗೊತ್ತು. ನಮ್ಮ ಸಭೆಯ ಒಬ್ಬಾಕೆ ಹೊಸ್ತಿಲಲ್ಲಿ ಕೂತು ಹೊಲಿದ ಪ್ಯಾಂಟುಗಳ ಉಳಿದ ದಾರ ಕತ್ತರಿಸುತ್ತಾಳೆ. ಪಕ್ಕದಲ್ಲಿ ಸೊಂಟದೆತ್ತರ ರಾಶಿ, ಕೈಯಲ್ಲಿ ಬೆರಳುದ್ದದ ಕತ್ತರಿ, ಸಂಜೆಯ ಹೊತ್ತಿಗೆ ಉಗುರ ಸಂದಿಯೆಲ್ಲ ನೀಲಿ. ಒಂದು ಸಲ ಲೆಕ್ಕ ತಪ್ಪಿ ಹೆಚ್ಚಿನ ಕೂಲಿ ಬಂತು. ರಾತ್ರಿಯೇ ಮಗನ ಕೈಲಿ ವಾಪಸು ಕಳಿಸಿದಳು. ಆ ವಾರ ಮನೆಯಲ್ಲಿ ಗ್ಯಾಸು ಮುಗಿದು ಕಟ್ಟಿಗೆ ಒಲೆಯ ಮೇಲೆ ಅಡುಗೆ ನಡೆದಿತ್ತು. ಇದನ್ನು ಬರೆಯಲಾ ಅಂತ ಕೇಳಿದರೆ, "ಇದ್ರಾಗ ಬರಿಯಂಥಾದ್ದು ಏನೈತ್ರಿ ಅಕ್ಕಾರೆ, ಅವ್ರ ರೊಕ್ಕ ಅವ್ರಿಗೆ ಕೊಟ್ಟೀನಿ" ಅಂದಳು. ಯಾವ ಕೂಟದಲ್ಲೂ ಆಕೆ ಸಾಕ್ಷಿ ಹೇಳಲು ಎದ್ದು ನಿಂತವಳಲ್ಲ. ಇಂಥವರ ಹತ್ತಿರ ಹೋಗಿ ಕೂಡು. ದೊಡ್ಡ ಪವಾಡ ಹುಡುಕುವ ಆತುರ ತಾನಾಗಿ ಇಳಿಯುತ್ತದೆ.

ಮೊಬೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರೆದ ದಿನವೇ ಹಾಕಬೇಡ. ಹಾಕಿದ ಮೇಲೆ ಲೈಕು ಎಣಿಸುತ್ತ ಕೂಡಬೇಡ. ಉಪವಾಸ ಮಾಡಿದ್ದನ್ನು, ಯಾರಿಗೋ ಸಹಾಯ ಮಾಡಿದ್ದನ್ನು ಫೋಟೋ ಸಮೇತ ಬರೆಯಬೇಡ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದವನ ಶಿಷ್ಯ ನೀನು. ಭಾನುವಾರ ಕವಿಗೋಷ್ಠಿಗೆ ಕರೆದರೆ ಆರಾಧನೆ ಮುಗಿಸಿಯೇ ಬರುತ್ತೇನೆಂದು ಹೇಳು. ಮರ್ಯಾದಸ್ಥರು ಸಮಯ ಬದಲಿಸುತ್ತಾರೆ, ಬದಲಿಸದಿದ್ದರೆ ಇನ್ನೊಂದು ಗೋಷ್ಠಿ ಬಂದೇ ಬರುತ್ತದೆ.

ಇನ್ನು ಆ ಕೆಲಸದ ವಿಷಯ. ಚುನಾವಣೆಗೆ ನಿಲ್ಲಬೇಕೆಂದಿರುವ ಒಬ್ಬರ ಪರವಾಗಿ ಸೋಷಿಯಲ್ ಮೀಡಿಯಾಕ್ಕೆ ಬರೆದುಕೊಡಲು ಕರೆದಿದ್ದಾರೆ, ಸಂಬಳ ಚೆನ್ನಾಗಿದೆ, ಮನೆಯ ಸಾಲ ತೀರುತ್ತದೆ ಎಂದಿದ್ದೀ. ಸಾಲದ ಭಾರ ನನಗೆ ಅರ್ಥವಾಗುತ್ತದೆ. ದುಡ್ಡು ಮುಟ್ಟಬೇಡ ಎನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ, ಬರೆದು ಉಣ್ಣುವುದು ಗೌರವದ ದುಡಿಮೆ. ಆದರೆ ಒಪ್ಪುವ ಮೊದಲು ಎದುರು ಕೂತು ಕೇಳು. ಬೇರೆಯವರ ಹೆಸರಿನಲ್ಲಿ ಸುಳ್ಳು ಖಾತೆ ತೆರೆದು ಬರೆಯಬೇಕಾ? ಎದುರಾಳಿಯ ಜಾತಿ, ಧರ್ಮ, ಮನೆ ಹೆಂಗಸರ ಮೇಲೆ ಬರೆಯಬೇಕಾ? ಆಗದ ರಸ್ತೆಯನ್ನು ಆಗಿದೆ ಅಂತ ಬರೆಯಬೇಕಾ? ಈ ಮೂರಕ್ಕೂ ಇಲ್ಲ ಎಂದರೆ, ಬರವಣಿಗೆಯಲ್ಲಿ ಕೊಡಲಿ, ಹೋಗು, ನಿಯತ್ತಿನಿಂದ ದುಡಿ. ಒಂದಕ್ಕೆ 'ನೋಡೋಣ' ಅಂದರೂ ನಮಸ್ಕಾರ ಹೇಳಿ ಎದ್ದು ಬಾ. ಸಾಲದ ದಾರಿ ಆಮೇಲೆ ಯೋಚಿಸೋಣ. ಇಲ್ಲಿ ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸ ಆಗಾಗ ಇರುತ್ತದೆ. ಕೂಲಿ ಕಡಿಮೆ, ಆದರೂ ನಿನ್ನ ಹೆಸರು ಹೇಳಿ ಕೇಳುತ್ತೇನೆ. ಮಂಗಳವಾರದೊಳಗೆ ಅವರಿಗೆ ಉತ್ತರ ಕೊಡಬೇಕಲ್ಲ, ಸೋಮವಾರ ಸಂಜೆ ನನಗೆ ಫೋನ್ ಮಾಡು. ತಾಯಿಗೆ ವಂದನೆ ತಿಳಿಸು.

ಕ್ರಿಸ್ತನಲ್ಲಿ,
ನಿನ್ನ ಅಕ್ಕ