ಬಾಗಿಲು ಮುಚ್ಚಿದ ಶಾಲೆಗಳನ್ನು ಊರಿಗೇ ಕೊಡಿ

ಸಂಪಾದಕರೇ,

ಮಕ್ಕಳಿಲ್ಲದೆ ಬೀಗ ಬಿದ್ದ ಹಳೆಯ ಶಾಲೆಯೆಂದರೆ ಕೆಡವಲಿಕ್ಕೇ ಎಂದು ನಾವು ಬೇಗ ತೀರ್ಮಾನಿಸುತ್ತೇವೆ. ಅಮೆರಿಕದ ಸಿಯಾಟಲ್‌ನ ಜಾನ್ ಬಿ. ಅಲೆನ್ ಶಾಲೆಯನ್ನು ನೋಡಿ. 1904ರ ಮರದ ಕಟ್ಟಡ, ಪಕ್ಕದಲ್ಲಿ 1918ರ ಇಟ್ಟಿಗೆ ಕಟ್ಟಡ. 1981ರಲ್ಲಿ ಶಾಲೆ ಮುಚ್ಚಿತು. ಬಡಾವಣೆಯ ಜನ ಸಂಘ ಕಟ್ಟಿಕೊಂಡು ಅದನ್ನು ಸಮುದಾಯ ಕೇಂದ್ರವಾಗಿಸಿದರು. 2009ರಲ್ಲಿ ಕೊಂಡೇ ಬಿಟ್ಟರು. ಶಿಶುವಿಹಾರ, ಕಲಾ ತರಗತಿಗಳ ಜೊತೆಗೆ ಗರಗಸ, ಏಣಿಗಳನ್ನು ಪುಸ್ತಕದಂತೆ ಎರವಲು ಕೊಡುವ ವ್ಯವಸ್ಥೆಯನ್ನೂ ನಡೆಸಿದರು. ಎಂಥ ಒಳ್ಳೆಯ ಯೋಚನೆ!

ನಮ್ಮ ಹಳ್ಳಿಗಳಲ್ಲೂ ದಪ್ಪ ಗೋಡೆ, ಮಂಗಳೂರು ಹಂಚಿನ ಕನ್ನಡ ಶಾಲೆಗಳು ಪಾಳು ಬೀಳುತ್ತಿವೆ. ಮೂರು ತಲೆಮಾರು ಅಕ್ಷರ ತಿದ್ದಿದ ಜಗಲಿಗಳವು. ಹಂಚು ಒಡೆದು ಮಳೆನೀರು ತೊಲೆಗೆ ಇಳಿಯುವ ಮೊದಲೇ ಶಿಕ್ಷಣ ಇಲಾಖೆ ಅವನ್ನು ಗ್ರಾಮ ಪಂಚಾಯಿತಿಗೋ ಹಳೆಯ ವಿದ್ಯಾರ್ಥಿ ಸಂಘಕ್ಕೋ ಕರಾರಿನ ಮೇಲೆ ವಹಿಸಿಕೊಡಲಿ.

– ನಿವೃತ್ತ ಶಿಕ್ಷಕಿ, ಶಿರಸಿ